ಮಾರಿಕಣಿವೆಯ ಮಹಾರಾಣಿ

ಚಿತ್ರದುರ್ಗದ ನಮ್ಮ ಕಾಲೇಜಿನ ಭೌತಶಾಸ್ತ್ರದ ವಿದ್ಯಾರ್ಥಿಗಳೊಡನೆ ಒಮ್ಮೆ ಮಾರಿಕಣಿವೆಗೆ ಪ್ರವಾಸ ಹೋಗಿದ್ದೆನು. ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಎರಡು ಗುಡ್ಡಗಳ ನಡುವೆ ವೇದಾವತಿ ನದಿ ಕೊರೆದುಕೊಂಡು ಹೋಗಿರುವ ಇಕ್ಕಟ್ಟಾದ ಕಣಿವೆಯನ್ನು ಕಲ್ಲಿನ ಗೋಡೆಯೊಂದು ಅಡ್ಡಗಟ್ಟಿ ನಿಂತಿದೆ. ಅದರ ಹಿಂದೆ ನಿಂತ ನೀರಿಗೆ ವಾಣೀವಿಲಾಸ ಸಾಗರವೆಂದು ಹೆಸರು. ಅಣೆಕಟ್ಟಿನ ಮೇಲಿನ ಮಂಟಪದ ನೆರಳಿನಲ್ಲಿ ಕುಳಿತಾಗ, “ವಾಣೀವಿಲಾಸ ಎಂದರೆ ಯಾರು?” ಎಂದು ವಿದ್ಯಾರ್ಥಿಗಳನ್ನು ಕೇಳಿದೆನು. ಹೊಳಲ್ಕೆರೆಯ ಕಡೆಯ ಹುಡುಗನೊಬ್ಬ, “ಅದು ಡ್ಯಾಮಿನ ಹೆಸರು ಸಾರ್” ಎಂದನು. ಇನ್ನೊಬ್ಬಳು, “ಸರಸ್ವತಿ ಇರಬೇಕು ಸಾರ್” ಎಂದಳು. ಹೊಸದುರ್ಗ ತಾಲ್ಲೂಕಿನ ಹುಡುಗನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರೋ ರಾಣಿಯಂತೆ ಸಾರ್. ನಮ್ಮ ತಾತನ ಹೊಲ ಮುಳುಗಿದ್ದು ಅವರ ಕಾಲದ ಈ ಕೆರೆಯಿಂದಲೇ” ಎಂದನು.

ಮೂವರಲ್ಲಿ ಸತ್ಯಕ್ಕೆ ಹತ್ತಿರವಾದವನು ಮೂರನೆಯವನೇ. ಅವನ ತಾತನ ಹೊಲದ ಸಂಗತಿಗೆ ಆಮೇಲೆ ಬರೋಣ. ಮೊದಲು ಆ ರಾಣಿ ಯಾರೆಂಬುದನ್ನು ತಿಳಿಯೋಣ. ಕುಡಿಯುವ ನೀರಿನ ನಲ್ಲಿಯ ಮೂಲಕ ಪ್ರತಿದಿನವೂ ನಮ್ಮ ಮನೆಗೆ ಬರುವ ಹೆಸರು ಒಬ್ಬ ಮನುಷ್ಯಳದೆಂಬುದನ್ನೇ ನಾವು ಮರೆತುಬಿಟ್ಟಿದ್ದೇವೆ.

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ, ಕಳಲೆಯ ಅರಸು ಮನೆತನದಲ್ಲಿ. ಮೈಸೂರಿನ ರಾಜಮನೆತನಕ್ಕೂ ಕಳಲೆಗೂ ಹೆಣ್ಣು ಕೊಟ್ಟು ತರುವ ಸಂಬಂಧ ಬಹಳ ಹಿಂದಿನಿಂದ ನಡೆದುಬಂದದ್ದು. 1878ರ ಮೇ ತಿಂಗಳಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರೊಡನೆ ಅವರ ವಿವಾಹವಾಯಿತು. ಆಗ ವಧುವಿಗೆ ಸುಮಾರು 12 ವರ್ಷ. ನಾಡಿನ ಸ್ಥಿತಿಯಾದರೋ ಮದುವೆಯ ಸಂಭ್ರಮಕ್ಕೆ ತಕ್ಕುದಾಗಿರಲಿಲ್ಲ. ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮ ಆಗತಾನೆ ಇಳಿಮುಖವಾಗುತ್ತಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಕುಗ್ಗಿತೆಂದರೆ ಆ ಬರ ಎಂತಹುದೆಂದು ಊಹಿಸಬಹುದು. ಬಯಲುಸೀಮೆಯಲ್ಲಿ ನೀರನ್ನು ಕೂಡಿಡುವ ಯೋಚನೆ ಮುಂದೆ ಯಾವ ಆಳ್ವಿಕೆಗೂ ತಪ್ಪದ ಚಿಂತೆಯಾದದ್ದು ಈ ಕಾರಣದಿಂದಲೇ.

1894ರ ಡಿಸೆಂಬರ್ ತಿಂಗಳಿನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಗೆ ಹೋಗಿದ್ದಾಗ ಗಂಟಲಮಾರಿ, ಅಂದರೆ ಡಿಫ್ತೀರಿಯ, ತಗುಲಿ 28ನೆಯ ತಾರೀಖು ತೀರಿಕೊಂಡರು. ಅವರಿಗೆ ಆಗ 31 ವರ್ಷ. ಇಲ್ಲಿ ವಿಜ್ಞಾನದ ಚರಿತ್ರೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ನಗರದಲ್ಲಿ ಸೇರಿದ್ದ ಸಮ್ಮೇಳನವೊಂದರಲ್ಲಿ ಫ್ರಾನ್ಸಿನ ಎಮಿಲ್ ರೂ ಎಂಬ ವಿಜ್ಞಾನಿ, ಕುದುರೆಯ ರಕ್ತದಿಂದ ಪಡೆದ ಸೀರಮ್ಮನ್ನು ಚುಚ್ಚಿದುದರಿಂದ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಡಿಫ್ತೀರಿಯದ ಸಾವುಗಳು ಸುಮಾರು ಅರ್ಧಕ್ಕೆ ಇಳಿದುವೆಂದು ಪ್ರಕಟಿಸಿದ್ದನು. ಜರ್ಮನಿಯ ಬೇರಿಂಗ್ ತೋರಿಸಿಕೊಟ್ಟ ದಾರಿ ಅದು. 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಬಂದದ್ದು ಆತನಿಗೆ ಈ ಕೆಲಸಕ್ಕಾಗಿಯೇ. ಔಷಧ ಲೋಕಕ್ಕೆ ತಿಳಿದು ಮೂರು ತಿಂಗಳಾಗಿತ್ತು. ಮಹಾರಾಜರು ಆ ರೋಗದಿಂದಲೇ ಸತ್ತರು.

ವಿಧವೆಯಾದ ರಾಣಿಗೆ 28ರ ವಯಸ್ಸು. ಹಿರಿಯ ಮಗ ಕೃಷ್ಣರಾಜನಿಗೆ 10 ವರ್ಷ. ಬಾಲಕನಿಗೆ ಪಟ್ಟವಾಯಿತು, 1895ರಲ್ಲಿ ತಾಯಿ ರೀಜೆಂಟರಾಗಿ, ಅಂದರೆ ಮಗನ ಪರವಾಗಿ ರಾಜ್ಯವಾಳುವವರಾಗಿ, ನಿಯಮಿತರಾದರು. ವಾಣೀವಿಲಾಸ ಸನ್ನಿಧಾನವೆಂಬುದು ಅವರ ಬಿರುದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಒಂದು ರೀಜೆನ್ಸಿ ಕೌನ್ಸಿಲ್ ಏರ್ಪಟ್ಟಿತು. ದಿನದ ಆಡಳಿತ ಕೌನ್ಸಿಲಿನದು. ಮುಖ್ಯ ವಿಷಯಗಳಿಗೆ ಮಹಾರಾಣಿಯವರ ಒಪ್ಪಿಗೆ ಬೇಕಾಗಿತ್ತು.

ಇಂತಹ ಸ್ಥಾನ ಲೋಕಕ್ಕೆ ಹೊಸದಲ್ಲ. ಯೂರೋಪಿನಲ್ಲಿ, ಅದರಲ್ಲಿಯೂ ಸಣ್ಣ ಸಣ್ಣ ಸಂಸ್ಥಾನಗಳಾಗಿ ಹಂಚಿಹೋಗಿದ್ದ ಅಂದಿನ ಜರ್ಮನಿಯಲ್ಲಿ, ರಾಜಕುಟುಂಬದ ಹೆಣ್ಣುಮಕ್ಕಳಿಗೆ ಆಳುವ ಅಧಿಕಾರ ದೊರೆಯುತ್ತಿದ್ದುದು ಬಹುಮಟ್ಟಿಗೆ ಈ ಒಂದೇ ಬಾಗಿಲಿನಿಂದ. ಗಂಡ ಸಾಯಬೇಕು, ಮಗ ಚಿಕ್ಕವನಾಗಿರಬೇಕು. ವೈಮಾರ್ ಸಂಸ್ಥಾನದ ಅನಾ ಅಮಾಲಿಯ ಎಂಬಾಕೆ 1758ರಲ್ಲಿ ವಿಧವೆಯಾದಾಗ ಆಕೆಗೆ ಇನ್ನೂ 18 ವರ್ಷ; ಮಗನಿಗೆ ಒಂದು ವರ್ಷವೂ ತುಂಬಿರಲಿಲ್ಲ. 1759ರಿಂದ 1775ರವರೆಗೆ ಆಕೆ ರಾಜ್ಯವಾಳಿದಳು. ಅರಮನೆಯಲ್ಲಿದ್ದ ಪುಸ್ತಕ ಭಂಡಾರವನ್ನು 1766ರಲ್ಲಿ ಬೇರೊಂದು ಕಟ್ಟಡಕ್ಕೆ ಸಾಗಿಸಿದಳು; ಮಗನಿಗೆ ಪಾಠ ಹೇಳಲು ವೀಲಾಂಡ್ ಕವಿಯನ್ನು ಕರೆಸಿದಳು; ಮಗನಿಗೆ 18 ತುಂಬಿದ ಕೂಡಲೆ ಅಧಿಕಾರವನ್ನು ಒಪ್ಪಿಸಿ ಹಿಂದೆ ಸರಿದಳು. ಆ ಗ್ರಂಥಾಲಯ ಇಂದು ಆಕೆಯ ಹೆಸರನ್ನೇ ಹೊತ್ತಿದೆ. ನಮ್ಮ ಮಹಾರಾಣಿಯವರೂ ಮಗನಿಗೆ 18 ತುಂಬಿದ 1902ರ ಆಗಸ್ಟಿನಲ್ಲಿ ರಾಜ್ಯಭಾರವನ್ನು ಒಪ್ಪಿಸಿದರು. ಅಲ್ಲಿ ಹೆಸರನ್ನು ಪುಸ್ತಕಗಳು ಹೊತ್ತುವು, ಇಲ್ಲಿ ನೀರು ಹೊತ್ತಿತು.

ಮಗನ ಪರವಾಗಿ ಆಳುವವರಿಗೆ ಒಂದು ವಿಶೇಷ ತೊಡಕುಂಟು. ತಮ್ಮದಲ್ಲದ ರಾಜ್ಯವನ್ನು ಕಾಯ್ದು ಒಪ್ಪಿಸಬೇಕಾದವರು ದೊಡ್ಡ ಸಾಹಸಕ್ಕೆ ಕೈಹಾಕಲು ಹಿಂಜರಿಯುವುದು ಸಹಜ. ಹಾಗಿರುವಲ್ಲಿ 1895ರಿಂದ 1902ರವರೆಗಿನ ಏಳು ವರ್ಷಗಳ ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ತುತ್ತಾಯಿತು. ಹೊಸದನ್ನು ಕಟ್ಟಲು ಆರಂಭವಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1902ರ ಜೂನ್ ಕೊನೆಗೆ ಶಿವನಸಮುದ್ರದಲ್ಲಿ ಕಾವೇರಿಯ ಬೀಳಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. (ಅಷ್ಟು ದೂರ ಹೇಗೆಂದು ಕೇಳುವ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಇಷ್ಟೆ: ಅದೇ ಶಕ್ತಿಯನ್ನು ಹತ್ತರಷ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಶಾಖವಾಗಿ ಸೋರುವ ನಷ್ಟ ನೂರನೆಯ ಒಂದು ಪಾಲಾಗುತ್ತದೆ.) ಮಹಾರಾಣಿಯವರ ಆಳ್ವಿಕೆಗೆ ಆಗ ಉಳಿದಿದ್ದುದು ಆರು ವಾರ ಮಾತ್ರ.

ಈ ಎಲ್ಲದರ ನಡುವೆ, ಪ್ಲೇಗಿನ ಅದೇ 1898ರಲ್ಲಿ, ಮಾರಿಕಣಿವೆಯ ಕೆಲಸ ಆರಂಭವಾಯಿತು.

ಮಹಾರಾಣಿಯವರು ತಮ್ಮ ಒಡವೆಗಳನ್ನು ಮಾರಿ ಈ ಅಣೆಕಟ್ಟನ್ನು ಕಟ್ಟಿಸಿದರೆಂಬ ಕಥೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಕನ್ನಂಬಾಡಿಯ ವಿಷಯದಲ್ಲಿಯೂ ಇದೇ ಕಥೆಯನ್ನು ಹೇಳುವವರುಂಟು. ಆ ಚರ್ಚೆ ಇಲ್ಲಿ ಬೇಡ. ಆದರೆ ಒಡವೆಯ ಕಥೆಯಲ್ಲಿ ನನಗೊಂದು ಅಸಮಾಧಾನವಿದೆ. ಅದು ರಾಣಿಯನ್ನು ದಾನಿಯನ್ನಾಗಿ ಮಾತ್ರ ನೋಡುತ್ತದೆ. ಅವರು ಮಾಡಿದ್ದು ದಾನಕ್ಕಿಂತ ಕಷ್ಟದ ಕೆಲಸ. ಫಲ ಯಾವಾಗ ಬರುವುದೆಂದು ಯಾರೂ ಖಚಿತವಾಗಿ ಹೇಳಲಾರದ ನಿರ್ಮಾಣಕ್ಕೆ ಒಪ್ಪಿಗೆ ಕೊಟ್ಟು, ಅದರ ಹೊಣೆ ಹೊತ್ತದ್ದು. ಆ ಹೊಣೆ ಎಷ್ಟು ದೊಡ್ಡದೆಂಬುದು ಸ್ವಲ್ಪ ಭೌತಶಾಸ್ತ್ರದಿಂದ ತಿಳಿಯುತ್ತದೆ.

ಮಾರಿಕಣಿವೆಯದು ಗುರುತ್ವ ಅಣೆಕಟ್ಟು. ಕಮಾನಿನಂತೆ ಬಾಗಿ ಭಾರವನ್ನು ಗುಡ್ಡಗಳಿಗೆ ದಾಟಿಸುವ ಉಪಾಯ ಅದರಲ್ಲಿಲ್ಲ. ಸುಣ್ಣ ಸುರ್ಕಿಗಳ ಗಾರೆಯಲ್ಲಿ ಕಟ್ಟಿದ ಕಲ್ಲಿನ ರಾಶಿ ತನ್ನ ತೂಕದಿಂದಲೇ ನೀರನ್ನು ತಡೆಯಬೇಕು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಬರಿಯ ಸುಣ್ಣ ಗಾಳಿಯಿಂದ ಗಟ್ಟಿಯಾಗುತ್ತದೆ. ಸುರ್ಕಿ ಬೆರೆತ ಸುಣ್ಣ ನೀರಿನಲ್ಲಿಯೂ ಗಟ್ಟಿಯಾಗುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹಿಂದೆ ಮೈಲಿಗಟ್ಟಲೆ ನೀರಿದೆ, ಅದೆಲ್ಲವೂ ಗೋಡೆಯನ್ನು ತಳ್ಳುತ್ತಿದೆ ಎಂದು ನೋಡುವವರಿಗೆ ಅನ್ನಿಸುತ್ತದೆ. ಹಾಗಲ್ಲ. ನೀರಿನ ಒತ್ತಡ ಅದರ ಆಳವನ್ನು ಮಾತ್ರ ಅವಲಂಬಿಸಿದೆ, ಹರಹನ್ನಲ್ಲ. ಗೋಡೆಯ ಹಿಂದೆ ಒಂದು ಗೇಣು ಅಗಲದ ನೀರಿದ್ದರೂ, ಹೊಸದುರ್ಗದ ಗಡಿಯವರೆಗೆ ಹಬ್ಬಿದ ನೀರಿದ್ದರೂ, ಆಳ ಒಂದೇ ಆದರೆ ತಳ್ಳುವ ಬಲವೂ ಒಂದೇ. 40 ಮೀಟರ್ ಆಳದ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಳದಲ್ಲಿ ಪ್ರತಿ ಚದರ ಮೀಟರಿಗೆ 40 ಟನ್ ಒತ್ತಡ, ಮೇಲ್ಮೈಯಲ್ಲಿ ಸೊನ್ನೆ, ಸರಾಸರಿ 20. ಇದನ್ನು 40ರಿಂದ ಗುಣಿಸಿದರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆಯೂ 800 ಟನ್ ಬಲ ಬೀಳುತ್ತದೆ. ಅದು ತಳದಿಂದ ಮೂರನೆಯ ಒಂದು ಪಾಲು ಎತ್ತರದಲ್ಲಿ ನಿಂತು ಗೋಡೆಯನ್ನು ಮಗುಚಲು ನೋಡುತ್ತದೆ.

ಇದಕ್ಕೆ ಎದುರಾಗಿರುವುದು ಕಲ್ಲಿನ ತೂಕ. ಕಲ್ಲುಗಾರೆಯ ಕಟ್ಟಡ ನೀರಿಗಿಂತ ಸುಮಾರು 2.3 ಪಟ್ಟು ಭಾರ. ಗೋಡೆಯ ಅಡ್ಡಕೊಯ್ತ ತ್ರಿಕೋನಾಕಾರವಾಗಿದೆ ಎಂದಿಟ್ಟುಕೊಂಡರೆ, ಎಲ್ಲಿಯೂ ಕಲ್ಲು ಎಳೆತಕ್ಕೆ ಸಿಕ್ಕಿ ಬಿರಿಯದಿರಲು ಅದರ ತಳದ ಅಗಲ 26 ಮೀಟರಿಗೂ ಸ್ವಲ್ಪ ಮೇಲಿರಬೇಕೆಂದು ಲೆಕ್ಕ ತಿಳಿಸುತ್ತದೆ. ಎತ್ತರದ ಮೂರನೆಯ ಎರಡು ಪಾಲು. ಅಂತಹ ಗೋಡೆಯ ತೂಕ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1,200 ಟನ್. 800ಕ್ಕೆ 1,200 ಎದುರು ನಿಂತಿತೆಂದು ನಾವು ಸಮಾಧಾನಪಡಬಹುದು. ಹತ್ತೊಂಬತ್ತನೆಯ ಶತಮಾನದ ಹಲವು ಎಂಜಿನಿಯರುಗಳು ಹೀಗೆಯೇ ಸಮಾಧಾನಪಟ್ಟರು.

1895ರ ಏಪ್ರಿಲ್ 27ರಂದು, ಅಂದರೆ ಮಹಾರಾಣಿಯವರು ಅಧಿಕಾರ ವಹಿಸಿಕೊಂಡ ವರ್ಷದಲ್ಲಿಯೇ, ಫ್ರಾನ್ಸಿನ ಬೂಝೇ ಎಂಬಲ್ಲಿ ಕಲ್ಲಿನ ಗುರುತ್ವ ಅಣೆಕಟ್ಟೊಂದು ಒಡೆದು 80ಕ್ಕೂ ಹೆಚ್ಚು ಜನ ಸತ್ತರು. ಮಾರಿಕಣಿವೆಗಿಂತ ಬಹಳ ಗಿಡ್ಡವಾದ ಗೋಡೆ ಅದು. 1884ರಲ್ಲಿಯೇ ಅದರ ಒಂದು ಭಾಗ ಮುಂದಕ್ಕೆ ಜರುಗಿ ಎಚ್ಚರಿಕೆ ಕೊಟ್ಟಿತ್ತು. ದುರಸ್ತಿ ಮಾಡಿ ಮತ್ತೆ ನೀರು ತುಂಬಿದ್ದರು. ಎಡವಿದ್ದೆಲ್ಲಿ? ಲೆಕ್ಕದಲ್ಲಿ ಸೇರದೆ ಉಳಿದಿದ್ದ ಮೂರನೆಯ ಬಲವೊಂದಿತ್ತು. ಬಿರುಕುಗಳ ಮೂಲಕ ಗೋಡೆಯೊಳಕ್ಕೂ ಅಡಿಗೂ ನುಸುಳಿದ ನೀರು ಕಲ್ಲನ್ನು ಮೇಲಕ್ಕೆ ಎತ್ತುತ್ತದೆ. ನಮ್ಮ ಉದಾಹರಣೆಯ ಗೋಡೆಯ ಅಡಿಗೆ ನೀರು ಪೂರ್ತಿಯಾಗಿ ನುಸುಳಿದರೆ ಈ ಮೇಲೊತ್ತಡ 500 ಟನ್ ದಾಟುತ್ತದೆ. 1,200ರಲ್ಲಿ 500 ಕಳೆದರೆ ಉಳಿಯುವುದೆಷ್ಟು? ತಳ್ಳುತ್ತಿರುವ 800ಕ್ಕಿಂತ ಕಡಮೆ. ಆದುದರಿಂದ ಗೋಡೆಯನ್ನು ಗಟ್ಟಿ ಬಂಡೆಯೊಳಕ್ಕೆ ಇಳಿಸಿ ಕಚ್ಚಿಸಬೇಕು, ಗಾರೆಯಲ್ಲಿ ಒಂದು ಸಂದೂ ಇರಬಾರದು, ತಳಕ್ಕೆ ನೀರು ಇಳಿಯಬಾರದು. ಬೂಝೇ ದುರಂತ ಕಲಿಸಿದ ಪಾಠ ಇದು. ಅದಾದ ಮೂರು ವರ್ಷಕ್ಕೆ, ಬಹುಪಾಲು ಕೈಕೆಲಸದಿಂದಲೇ, ಅದೇ ಜಾತಿಯ ಇನ್ನೂ ಎತ್ತರದ ಗೋಡೆಯನ್ನು ವೇದಾವತಿಗೆ ಅಡ್ಡಲಾಗಿ ಎತ್ತಲು ಹೊರಟರು. ಕಣಿವೆ ಇಕ್ಕಟ್ಟಾಗಿದ್ದುದು ಒಂದು ಅನುಕೂಲ. ಗೋಡೆಯ ಉದ್ದ ಸುಮಾರು 405 ಮೀಟರ್ ಮಾತ್ರ. ಚಿತ್ರದುರ್ಗ ಶಿಲಾಪಟ್ಟಿಯ ಹಳೆಯ ಬಂಡೆಗಳು ಇನ್ನೊಂದು ಅನುಕೂಲ.

ಆದರೆ ನಿಜವಾದ ಪಂದ್ಯ ಕಲ್ಲಿನ ಮೇಲಿರಲಿಲ್ಲ, ಮಳೆಯ ಮೇಲಿತ್ತು. ಕೆರೆಯ ಸಾಮರ್ಥ್ಯ 30 ಟಿ.ಎಂ.ಸಿ., ಎಂದರೆ 3,000 ಕೋಟಿ ಘನ ಅಡಿಗೂ ಸ್ವಲ್ಪ ಮೇಲೆ; ಮೀಟರ್ ಲೆಕ್ಕದಲ್ಲಿ ಸುಮಾರು 86 ಕೋಟಿ ಘನ ಮೀಟರ್. ಇದಕ್ಕೆ ನೀರು ಒದಗಿಸುವ ಜಲಾನಯನ ಪ್ರದೇಶ ಸುಮಾರು 5,374 ಚದರ ಕಿಲೋಮೀಟರ್. ಒಂದನ್ನು ಇನ್ನೊಂದರಿಂದ ಭಾಗಿಸಿ. ಬರಿದಾದ ಕೆರೆ ತುಂಬಬೇಕಾದರೆ ಅಷ್ಟು ನೆಲದ ಮೇಲೆಲ್ಲ 16 ಸೆಂಟಿಮೀಟರ್ ದಪ್ಪದ ನೀರಿನ ಪದರ ನಿಂತು, ಹನಿಯೂ ಉಳಿಯದೆ ಹರಿದುಬರಬೇಕು. ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಮಳೆ ಚೆನ್ನಾಗಿ ಸುರಿಯುತ್ತದೆ, ನಿಜ. ಆದರೆ ನದಿ ಕಡೂರನ್ನು ದಾಟಿ ಹೊಸದುರ್ಗದ ಬಯಲಿಗೆ ಬರುವ ಹೊತ್ತಿಗೆ ಮಳೆ ವರ್ಷಕ್ಕೆ 60 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅದರಲ್ಲಿ ಬಹುಪಾಲನ್ನು ನೆಲ ಕುಡಿಯುತ್ತದೆ, ಬಿಸಿಲು ಹೀರುತ್ತದೆ. ಅಯ್ಯನಕೆರೆ, ಮದಗದ ಕೆರೆ ಮೊದಲಾದ ಮೇಲಿನ ಕೆರೆಗಳು ತಮ್ಮ ಪಾಲನ್ನು ಹಿಡಿದುಕೊಳ್ಳುತ್ತವೆ. ಹತ್ತನೆಯ ಒಂದು ಭಾಗ ನದಿಗೆ ಬಂದಿತೆಂದುಕೊಂಡರೂ ಆರು ಸೆಂಟಿಮೀಟರ್ ಆಯಿತು. ಈ ಕಡೆ, ನಿಂತ ನೀರಿನ ಮೇಲ್ಮೈಯಿಂದ ನಮ್ಮ ಒಣಹವೆ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ದಪ್ಪದ ಪದರವನ್ನು ಆವಿಯಾಗಿ ಒಯ್ಯುತ್ತದೆ. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಕೆರೆಗೆ ಮಿತ್ರನಲ್ಲ.

ಹಾಗಾದರೆ ಪ್ರತಿವರ್ಷ ತುಂಬದ ಕೆರೆಯನ್ನೇಕೆ ಕಟ್ಟಬೇಕು? ಚಿತ್ರದುರ್ಗದ ಕೋಟೆಯನ್ನು ಹತ್ತಿದವರಿಗೆ ಉತ್ತರದ ಅರ್ಧ ಗೊತ್ತಿರಬೇಕು. ಪಾಳೆಯಗಾರರ ಕಾಲದಲ್ಲಿ ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿಯುವಂತೆ ಸರಪಳಿ ಕಟ್ಟಿದ್ದರು. ಒಂದು ಒಳ್ಳೆಯ ಮಳೆಯನ್ನು ಮುಂದಿನ ಕೆಟ್ಟ ದಿನಗಳಿಗೆ ಸಾಗಿಸುವ ಜಾಣತನವದು. ಮಾರಿಕಣಿವೆಯಲ್ಲಿ ಅದೇ ಯೋಚನೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಹತ್ತಾರು ವರ್ಷಕ್ಕೊಮ್ಮೆ ಬರುವ ಮಹಾಪೂರವನ್ನು ಬಿಟ್ಟುಕೊಡದೆ ಹಿಡಿದು, ನಡುವಣ ಬರಗಳಲ್ಲಿ ಹಂಚುವ ಕೆರೆ ಇದು. ತುಂಬದಿರುವುದು ಅದರ ದೋಷವಲ್ಲ. ಸದಾ ತುಂಬಿ ಹರಿಯುವ ಕೆರೆಯೇ ಚಿಕ್ಕದಾಯಿತೆಂದು ಹೇಳಬೇಕು. ಹೀಗಿದ್ದರೂ, ಕೋಡಿ ಬೀಳದ ಕೆರೆಯನ್ನು ವರ್ಷ ವರ್ಷವೂ ನೋಡುವ ಜನ ಇದನ್ನು ಒಪ್ಪುವರೆಂದು ಹೇಳಲಾಗದು.

ಕೆಲಸ ಮುಗಿದದ್ದು 1907ರಲ್ಲಿ. ಮಹಾರಾಣಿಯವರು ಅಧಿಕಾರ ಬಿಟ್ಟು ಆಗ ಐದು ವರ್ಷಗಳಾಗಿದ್ದುವು. ನೀಲಿನಕ್ಷೆಗೆ ದುಡಿದ ಶೇಷಾದ್ರಿ ಅಯ್ಯರ್ 1901ರಲ್ಲಿಯೇ ತೀರಿಕೊಂಡಿದ್ದರು. ಕಾಲುವೆಗಳ ನೀರು ಹಿರಿಯೂರಿನ ಬಯಲಿಗೆ ಇಳಿಯಿತು. ನೀರಿನ ಹಿಂದೆಯೇ ಸೊಳ್ಳೆಯೂ ಮಲೇರಿಯವೂ ಬಂದುವು. ಆ ಕಾಟ ಬಹುಕಾಲ ಕಾಡಿತು. ಇಂತಹ ದೊಡ್ಡ ನಿರ್ಮಾಣಗಳ ಲೆಕ್ಕದಲ್ಲಿ ಈ ಖರ್ಚನ್ನು ಯಾರೂ ಮೊದಲೇ ಬರೆದಿಡುವುದಿಲ್ಲ.

ಕೆರೆ ಮೊದಲ ಬಾರಿಗೆ ಕೋಡಿ ಹರಿದದ್ದು 1933ರಲ್ಲಿ. 130 ಅಡಿಯ ಪೂರ್ಣಮಟ್ಟವನ್ನು ಮೀರಿ ನೀರು 135 ಅಡಿಯವರೆಗೆ ಏರಿತು. ಆ ವರ್ಷ ಮಹಾರಾಣಿಯವರಿಗೆ 67 ವರ್ಷ. ಒಪ್ಪಿಗೆ ಕೊಟ್ಟ 35 ವರ್ಷಗಳ ಮೇಲೆ, ಅವರ ಜೀವಮಾನದಲ್ಲಿ ಒಂದೇ ಒಂದು ಸಲ, ಅವರ ಹೆಸರಿನ ಕೆರೆ ತುಂಬಿತು. 1934ರ ಜುಲೈ 7ರಂದು ಅವರು ತೀರಿಕೊಂಡರು.

ಎರಡನೆಯ ಬಾರಿ ಕೋಡಿ ಹರಿಯಲು 89 ವರ್ಷ ಕಾಯಬೇಕಾಯಿತು. 2022ರ ಸೆಪ್ಟೆಂಬರ್ ಮೊದಲ ವಾರ ನಮ್ಮ ಜಿಲ್ಲೆಯ ಜನ ಬುತ್ತಿ ಕಟ್ಟಿಕೊಂಡು ಮಾರಿಕಣಿವೆಗೆ ಹೋದ ಸಡಗರವನ್ನು ನಾನೂ ಕಂಡಿದ್ದೇನೆ. ಕಣಿವೆ ಮಾರಮ್ಮನ ಗುಡಿಯ ಮುಂದೆ ನಿಲ್ಲಲು ಸ್ಥಳವಿರಲಿಲ್ಲ. ತೂಬು ಬಾಗಿಲುಗಳ ಸಾಲಿಲ್ಲದ ಈ ಅಣೆಕಟ್ಟಿನಲ್ಲಿ ಹೆಚ್ಚಾದ ನೀರು ಪಕ್ಕದ ಕೋಡಿಯಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ಯಾರೂ ತೆರೆಯಬೇಕಾಗಿಲ್ಲ, ಮುಚ್ಚಬೇಕಾಗಿಲ್ಲ. ನೂರಕ್ಕೂ ಮಿಕ್ಕಿದ ವರ್ಷಗಳ ಗಾರೆ ತನ್ನ ಪೂರ್ಣ ಹೊರೆಯನ್ನು ಹೊತ್ತು ನಿಂತಿತ್ತು.

ಅದೇ ದಿನಗಳಲ್ಲಿ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳಿಗೂ ಮನೆಗಳಿಗೂ ನೀರು ನುಗ್ಗಿತು. ಎರಡು ಮೂರು ತಲೆಮಾರು ನೀರನ್ನೇ ಕಾಣದ ಅಂಚಿನ ನೆಲದಲ್ಲಿ ಜನ ಉತ್ತು ಬಿತ್ತುತ್ತಿದ್ದರು. ಕೆರೆ ತನ್ನ ಎಲ್ಲೆಯನ್ನು ಮರೆತಿರಲಿಲ್ಲ. ಕೋಡಿಯ ಮಟ್ಟವನ್ನು ತಗ್ಗಿಸಬೇಕೆಂದು ಅಲ್ಲಿಯವರು ಕೇಳಿದರು. ತಗ್ಗಿಸಕೂಡದೆಂದು ಹಿರಿಯೂರಿನವರು ಹೇಳಿದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಮಂಟಪದಲ್ಲಿ ಉತ್ತರ ಹೇಳಿದ ಹುಡುಗನ ತಾತನ ಹೊಲ ಆ ಅಂಚಿನಲ್ಲಿಯೇ ಇತ್ತು.

2025ರ ಜನವರಿಯಲ್ಲಿ ಕೆರೆ ಮೂರನೆಯ ಬಾರಿ ಕೋಡಿ ಹರಿಯಿತು. ಜನವರಿಯಲ್ಲಿ ನಮ್ಮಲ್ಲಿ ಮಳೆಯೆಲ್ಲಿಯದು? ಆ ಸಲ ಬಂದ ನೀರಿನಲ್ಲಿ ಒಂದು ಪಾಲು ವೇದಾವತಿಯದಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಪಂಪುಗಳು ಮೇಲಕ್ಕೆತ್ತಿ, ಅಜ್ಜಂಪುರದ ಸುರಂಗವನ್ನು ದಾಟಿಸಿ ಕಳುಹಿಸಿದ ಭದ್ರೆಯ ನೀರು. ಪ್ರವಾಸದ ದಿನ ಹಿಂದಿರುಗುವಾಗ ಆ ಹುಡುಗ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು, “ಹಾಗಾದರೆ 16 ಸೆಂಟಿಮೀಟರಿನ ಲೆಕ್ಕವನ್ನು ಇನ್ನು ಮೇಲೆ ಬೇರೆ ಮಾಡಬೇಕಲ್ಲವೇ ಸಾರ್?” ಎಂದು ಕೇಳಿದನು. ಮಾಡಬೇಕು. ಪಂಪು ಮಾಡಿದ ನೀರು ಎಷ್ಟು ಸೇರುತ್ತದೆಂದು ತಿಳಿದುಕೊಂಡು ಮಾಡಿ ತಾ ಎಂದು ಅವನಿಗೇ ವಹಿಸಿದ್ದೇನೆ.